ಲೋಡ್ ಬೇರಿಂಗ್ ಗೋಡೆ ತೆಗೆಸುವಾಗ ಸದ್ದಿನ ಲೆಕ್ಕ: ಸಮ್ಮಟಿ, ಬ್ರೇಕರ್, ಕಟಿಂಗ್ ಮಷೀನ್, ಯಾವುದು ಯಾವ ಮನೆಗೆ?

ಹಾಲ್, ಅಡುಗೆಮನೆ ಎರಡನ್ನೂ ಒಂದು ಮಾಡಿಸಬೇಕು, ನಡುವಿನ ಗೋಡೆ ತೆಗೆಸಬೇಕು. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮನೆ ಆಲ್ಟರೇಶನ್ ಮಾತು ಹೆಚ್ಚಾಗಿ ಶುರುವಾಗುವುದೇ ಇಲ್ಲಿಂದ. ಜಯನಗರ, ರಾಜಾಜಿನಗರದ ಕಡೆ ನಲವತ್ತು ಐವತ್ತು ವರ್ಷದ ಹಿಂದೆ ಕಟ್ಟಿದ ಎಷ್ಟೋ ಮನೆಗಳಿಗೆ ಪಿಲ್ಲರ್ ಇಲ್ಲ. ಒಂಬತ್ತಿಂಚಿನ ಇಟ್ಟಿಗೆ ಗೋಡೆಯೇ ತಾರಸಿಯ ಭಾರ ಹೊತ್ತು ಪಾಯಕ್ಕೆ ಇಳಿಸುತ್ತದೆ. ಅಂಥ ಗೋಡೆ ತೆಗೆಯಲು ಸ್ಟ್ರಕ್ಚರಲ್ ಇಂಜಿನಿಯರ್ ಬೇಕು, ಜಾಕ್ (ಸ್ಲ್ಯಾಬಿಗೆ ತಾತ್ಕಾಲಿಕವಾಗಿ ಆನಿಸುವ ಉಕ್ಕಿನ ಕಂಬ) ಬೇಕು, ಬೀಮ್ ಬೇಕು ಎನ್ನುವುದು ಈಗ ಬಹಳ ಜನಕ್ಕೆ ಗೊತ್ತಿದೆ. ಸದ್ದಿನ ಬಗ್ಗೆ ಮಾತ್ರ ಮೊದಲೇ ಯೋಚಿಸುವವರು ಕಡಿಮೆ. ಮೂವತ್ತು ನಲವತ್ತರ ಸೈಟು, ಪಕ್ಕದ ಮನೆಗೆ ಮೂರಡಿ ಸಂದು, ಮೇಲಿನ ಮಹಡಿಯಲ್ಲಿ ಬಾಡಿಗೆಯವರು. ಮೊದಲ ಏಟು ಬಿದ್ದ ಅರ್ಧ ಗಂಟೆಗೆ ಗೇಟಿನ ಹತ್ತಿರ ಜನ ಬಂದು ನಿಲ್ಲುತ್ತಾರೆ. ಆಮೇಲೆ ಮೇಸ್ತ್ರಿ ಗಡಿಬಿಡಿಯಲ್ಲಿ ಕೆಲಸ ಮುಗಿಸಲು ನೋಡುತ್ತಾನೆ. ಭಾರ ಹೊರುವ ಗೋಡೆಯ ವಿಷಯದಲ್ಲಿ ಗಡಿಬಿಡಿ ಮಾಡುವ ಹಾಗೇ ಇಲ್ಲ.

ಆದ್ದರಿಂದ ಸದ್ದಿನ ಯೋಜನೆಯೂ ಬೀಮಿನ ಡ್ರಾಯಿಂಗ್ ಜೊತೆಗೇ ಆಗಬೇಕು. ಯಾವ ಮಷೀನ್ ಎನ್ನುವುದಕ್ಕಿಂತ ಯಾವ ಕ್ರಮದಲ್ಲಿ ಕೆಲಸ ಎನ್ನುವುದು ಹೆಚ್ಚು ಮುಖ್ಯ ಎನ್ನುವುದು ನನ್ನ ಅಭಿಪ್ರಾಯ. ಹೇಗೆ ಅಂತ ಮುಂದೆ ಹೇಳುತ್ತೇನೆ.

ಸದ್ದು ಹೋಗುವ ಎರಡು ದಾರಿ

ಗೋಡೆ ಒಡೆಯುವ ಸದ್ದು ಪಕ್ಕದ ಮನೆಗೆ ಎರಡು ದಾರಿಯಲ್ಲಿ ಹೋಗುತ್ತದೆ. ಒಂದು ಗಾಳಿಯ ದಾರಿ: ಕಿಟಕಿ, ಬಾಗಿಲು, ವೆಂಟಿಲೇಟರ್ ಮೂಲಕ. ಇನ್ನೊಂದು ಕಟ್ಟಡದ ದಾರಿ: ಏಟು ಗೋಡೆಯನ್ನು ನಡುಗಿಸುತ್ತದೆ, ಗೋಡೆ ಸ್ಲ್ಯಾಬನ್ನು ನಡುಗಿಸುತ್ತದೆ, ಸ್ಲ್ಯಾಬ್ ಆ ನಡುಕವನ್ನು ಮನೆಯ ಮೂಲೆಮೂಲೆಗೂ ಮುಟ್ಟಿಸುತ್ತದೆ. ಮೇಲಿನ ಮಹಡಿಯ ಶೆಲ್ಫಿನಲ್ಲಿ ಸ್ಟೀಲ್ ಲೋಟ ಝಣಝಣ ಅನ್ನುವುದು ಈ ಎರಡನೆಯ ದಾರಿಯಿಂದ.

ಗಾಳಿಯ ದಾರಿಗೆ ಅಡ್ಡ ಹಾಕಬಹುದು. ಕಿಟಕಿ ಮುಚ್ಚಿದರೆ, ಸಂದು ತುಂಬಿದರೆ ಕಡಿಮೆಯಾಗುತ್ತದೆ. ತೆರೆದ ಜಾಗದಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಒಂದು ಮೀಟರ್ ದೂರದಲ್ಲಿ 100 ಡೆಸಿಬಲ್ ಇದ್ದದ್ದು ಎಂಟು ಮೀಟರಿಗೆ ಹೋಗುವಷ್ಟರಲ್ಲಿ 82ರ ಹತ್ತಿರ ಬರುತ್ತದೆ. ಕಟ್ಟಡದ ದಾರಿಗೆ ಈ ಲೆಕ್ಕ ಹಿಡಿಯುವುದಿಲ್ಲ. ಕಾಂಕ್ರೀಟಿನೊಳಗೆ ನಡುಕ ಬಹಳ ದೂರ ಹೋಗುತ್ತದೆ, ಕಿಟಕಿ ಮುಚ್ಚಿದರೂ ಅಷ್ಟೇ, ಪರದೆ ಹಾಕಿದರೂ ಅಷ್ಟೇ.

ಮಷೀನುಗಳನ್ನು ಬರೀ ಡೆಸಿಬಲ್ ಸಂಖ್ಯೆಯಿಂದ ಹೋಲಿಸಿದರೆ ಮೋಸ ಹೋಗುವುದು ಇದೇ ಕಾರಣಕ್ಕೆ. ಗ್ರೈಂಡರ್, ಅಂದರೆ ತಿರುಗುವ ಬ್ಲೇಡಿನ ಕೈ ಕಟಿಂಗ್ ಮಷೀನ್, ಹಿಡಿದವನ ಕಿವಿಯ ಹತ್ತಿರ 100 ಡೆಸಿಬಲ್ ಆಸುಪಾಸು ಇರುತ್ತದೆ. ಬ್ರೇಕರ್, ಅಂದರೆ ಕರೆಂಟಿನಿಂದ ಉಳಿ ಬಡಿಯುವ ಮಷೀನ್, ಕೂಡ ಹೆಚ್ಚುಕಡಿಮೆ ಅಷ್ಟೇ. ಸಂಖ್ಯೆ ಒಂದೇ ಆದರೂ ಗ್ರೈಂಡರಿನದು ಕೀರಲು ಸದ್ದು, ಗಾಳಿಯಲ್ಲಿ ಹೋಗುವಂಥದ್ದು, ಮುಚ್ಚಿದ ಬಾಗಿಲಿಗೆ ಬಹುಮಟ್ಟಿಗೆ ನಿಲ್ಲುತ್ತದೆ. ಬ್ರೇಕರಿನ ಏಟು ನೆಲ, ಗೋಡೆ ಹಿಡಿದು ಹೋಗುತ್ತದೆ. ಮೇಲಿನ ಮನೆಯವರಿಗೆ ಗ್ರೈಂಡರ್ ದೂರದಲ್ಲೆಲ್ಲೋ ಕೇಳಿದಂತಿರುತ್ತದೆ, ಬ್ರೇಕರ್ ತಮ್ಮ ಮಂಚದ ಕೆಳಗೇ ಇದ್ದಂತಿರುತ್ತದೆ. ಫೋನಿನ ಡೆಸಿಬಲ್ ಆ್ಯಪ್ ಹಿಡಿದು ನಿಮ್ಮ ಹಾಲಿನಲ್ಲಿ ನಿಂತು ಅಳೆದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಅಳೆಯುವುದಾದರೆ ಮೇಲಿನ ಮನೆಯಲ್ಲಿ ನಿಂತು ಅಳೆಯಿರಿ. ಫೋನಿನ ಮೈಕ್ ಜೋರು ಸದ್ದನ್ನು ಸರಿಯಾಗಿ ಅಳೆಯಲಾರದು, ಆದ್ದರಿಂದ ಆ ಸಂಖ್ಯೆಯನ್ನು ನಿನ್ನೆಗೂ ಇವತ್ತಿಗೂ ಹೋಲಿಸಲು ಮಾತ್ರ ಬಳಸಿ.

ಸಮ್ಮಟಿ ಮತ್ತು ಚಾಣ

ಎರಡನ್ನೂ ಒಟ್ಟಿಗೆ ಹೇಳುವುದು ರೂಢಿ. ಸದ್ದಿನ ಮಟ್ಟಿಗೆ ಇವೆರಡೂ ಬೇರೆಬೇರೆ. ಐದಾರು ಕಿಲೋ ಸಮ್ಮಟಿಯಿಂದ ಗೋಡೆಯ ನಡುವಿಗೆ ಬಡಿದು ಬೀಳಿಸುವುದು ಎಲ್ಲಕ್ಕಿಂತ ಕೆಟ್ಟ ವಿಧಾನ. ಪ್ರತಿ ಏಟೂ ಇಡೀ ಗೋಡೆಯನ್ನು ಒಂದೇ ತುಂಡಾಗಿ ಅಲ್ಲಾಡಿಸುತ್ತದೆ, ಪಕ್ಕದ ಗೋಡೆಯ ಪ್ಲಾಸ್ಟರ್ ಬಿರುಕು ಬಿಡುತ್ತದೆ, ಜಾಕ್ ಮೇಲೆ ಕೂತ ಸ್ಲ್ಯಾಬಿಗೂ ಪೆಟ್ಟು. ಸದ್ದು ಬದಿಗಿರಲಿ, ಲೋಡ್ ಬೇರಿಂಗ್ ಕೆಲಸದಲ್ಲಿ ಇದಕ್ಕೆ ಜಾಗವೇ ಇಲ್ಲ.

ಸಣ್ಣ ಸುತ್ತಿಗೆ, ಚಪ್ಪಟೆ ಚಾಣ ಹಿಡಿದು ಮೇಲಿನ ವರಸೆಯಿಂದ ಒಂದೊಂದೇ ಇಟ್ಟಿಗೆ ಬಿಡಿಸುವುದು ಬೇರೆ ಮಾತು. ಹಳೆಯ ಮನೆಯ ಗೋಡೆ ಸುಣ್ಣದ ಗಾರೆಯಲ್ಲೋ ಮಣ್ಣಿನಲ್ಲೋ ಕಟ್ಟಿದ್ದಾದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಗಾರೆ ಮೆತ್ತಗಿರುತ್ತದೆ. ಸಂದಿಗೆ ಚಾಣ ಇಟ್ಟು ಎರಡು ಏಟು ಹಾಕಿದರೆ ಇಟ್ಟಿಗೆ ಇಡಿಯಾಗಿ ಕೈಗೆ ಬರುತ್ತದೆ. ಸದ್ದು ಕಡಿಮೆ, ಬಿಟ್ಟುಬಿಟ್ಟು ಬರುತ್ತದೆ, ಇಟ್ಟಿಗೆಯೂ ಉಳಿಯುತ್ತದೆ. ನಿಮ್ಮ ಗೋಡೆ ಯಾವುದರದ್ದು ಅಂತ ನೋಡಲು ಒಂದು ಅಡಿ ಚೌಕ ಪ್ಲಾಸ್ಟರ್ ಕೀಳಿಸಿ, ಸಂದಿಯನ್ನು ಹಳೇ ಸ್ಕ್ರೂಡ್ರೈವರಿನಿಂದ ಗೀರಿ. ಪುಡಿಪುಡಿಯಾಗಿ ಉದುರಿದರೆ ಸುಣ್ಣ ಅಥವಾ ಮಣ್ಣು. ಗೀರು ಮಾತ್ರ ಬಿದ್ದರೆ ಸಿಮೆಂಟ್.

ಸಿಮೆಂಟಿನಲ್ಲಿ ಕಟ್ಟಿದ ಗೋಡೆಯನ್ನು, ಅದರಲ್ಲೂ ಸಾಲಿಡ್ ಕಾಂಕ್ರೀಟ್ ಬ್ಲಾಕಿನ ಗೋಡೆಯನ್ನು ಚಾಣದಿಂದ ಬಿಡಿಸಲು ಹೊರಟರೆ ದಿನಗಟ್ಟಲೆ ಟಕ್ ಟಕ್ ಸದ್ದು ನಿಲ್ಲುವುದಿಲ್ಲ. ಒಂದು ದಿನದ ಜೋರು ಸದ್ದನ್ನು ನೆರೆಯವರು ತಡೆದುಕೊಂಡಾರು, ವಾರದ ಸಣ್ಣ ಸದ್ದನ್ನು ತಡೆದುಕೊಳ್ಳಲಾರರು.

ಬ್ರೇಕರ್

ಎಲ್ಲ ಮೇಸ್ತ್ರಿಗಳ ಹತ್ತಿರ ಇರುವುದು ಇದೇ. ಬಾಡಿಗೆಗೂ ಎಲ್ಲ ಕಡೆ ಸಿಗುತ್ತದೆ. ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಏಟು. ಬ್ರೇಕರನ್ನು ಬೇಡವೇ ಬೇಡ ಅನ್ನಲಾಗದು, ಆದರೆ ಸೈಜ್ ನೋಡಬೇಕು. ಐದು ಕಿಲೋ ವರ್ಗದ ಮಷೀನಿನ ಒಂದು ಏಟಿನ ಶಕ್ತಿ ಸುಮಾರು 8 ಜೂಲ್, ಹತ್ತು ಹನ್ನೊಂದು ಕಿಲೋದ್ದು 20ರಿಂದ 25 ಜೂಲ್, ಹದಿನಾರು ಕಿಲೋದ್ದು 40 ದಾಟುತ್ತದೆ. ಇಟ್ಟಿಗೆ ಗೋಡೆಗೆ ಐದು ಕಿಲೋದ್ದು ಧಾರಾಳ ಸಾಕು. ಬೇಗ ಮುಗಿಯಲಿ ಅಂತ ರಸ್ತೆ ಅಗೆಯುವಂಥ ದೊಡ್ಡ ಮಷೀನ್ ತಂದರೆ ಆ ಹೆಚ್ಚುವರಿ ಶಕ್ತಿಯೆಲ್ಲ ಸ್ಲ್ಯಾಬಿಗೂ ಮೇಲಿನ ಮನೆಗೂ ಹೋಗುತ್ತದೆ. ಮೊಂಡಾದ ಉಳಿ ಹಾಕಿಕೊಂಡು ಬಡಿಯುವುದೂ ಅಷ್ಟೇ: ಇಟ್ಟಿಗೆ ಒಡೆಯುವುದಿಲ್ಲ, ಸದ್ದು ಮಾತ್ರ. ಬೆಳಿಗ್ಗೆ ಕೆಲಸಕ್ಕೆ ಮೊದಲು ಉಳಿಯ ಮೊನೆ ನೋಡಿ, ಸವೆದಿದ್ದರೆ ಬದಲಿಸಲು ಹೇಳಿ.

ಡೈಮಂಡ್ ಬ್ಲೇಡಿನ ಕಟಿಂಗ್

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನನ್ನ ಒಲವು ಈ ಕಡೆಗೇ. ಕಟಿಂಗನ್ನು ಗೋಡೆ ಒಡೆಯುವ ವಿಧಾನ ಅಂತ ನೋಡದೆ, ಗೋಡೆಯನ್ನು ಮನೆಯಿಂದ ಬಿಡಿಸುವ ವಿಧಾನ ಅಂತ ನೋಡಿ.

ಗೋಡೆ ನಾಲ್ಕು ಕಡೆ ಮನೆಗೆ ಅಂಟಿರುತ್ತದೆ: ಮೇಲೆ ಸ್ಲ್ಯಾಬ್, ಎರಡು ಬದಿ ಅಡ್ಡ ಗೋಡೆಗಳು, ಕೆಳಗೆ ನೆಲ. ಏಟಿನ ನಡುಕ ಹೊರಗೆ ಹೋಗುವುದು ಈ ನಾಲ್ಕು ಅಂಚುಗಳ ಮೂಲಕ. ಮೇಲಿನ ಅಂಚನ್ನೂ ಎರಡು ಬದಿಯನ್ನೂ ಬ್ಲೇಡಿನಿಂದ ಆರಪಾರ ಸೀಳಿಬಿಟ್ಟರೆ ಉಳಿಯುವ ದಾರಿ ನೆಲದ್ದೊಂದೇ. ಆಮೇಲೆ ಅದೇ ಗೋಡೆಯನ್ನು ಅದೇ ಸಣ್ಣ ಬ್ರೇಕರಿನಿಂದ ಒಡೆದರೂ ಮೇಲಿನ ಮನೆಗೆ ಹೋಗುವ ನಡುಕ ಎಷ್ಟೋ ಕಡಿಮೆಯಾಗುತ್ತದೆ. ನಾಲ್ಕೈದು ಮಿಲಿಮೀಟರ್ ಅಗಲದ ಸೀಳು ಸಾಕು, ಆದರೆ ಅದು ಪೂರ್ತಿ ಸೀಳಾಗಿರಬೇಕು. ನಡುವೆ ಒಂದು ಇಟ್ಟಿಗೆ ಅಂಟಿಕೊಂಡಿದ್ದರೂ ನಡುಕ ಅದರ ಮೂಲಕ ದಾಟುತ್ತದೆ.

ಇಲ್ಲಿ ಕ್ರಮ ತಪ್ಪಿದರೆ ಪ್ರಾಣಕ್ಕೆ ಅಪಾಯ. ಮೇಲಿನ ಸೀಳು ಎಂದರೆ ಭಾರ ಬರುವ ದಾರಿಯನ್ನೇ ಕತ್ತರಿಸಿದಂತೆ. ಮೊದಲು ಗೋಡೆಯ ಎರಡೂ ಬದಿ ಜಾಕ್ ನಿಲ್ಲಬೇಕು. ಮೇಲಿನ ಮಹಡಿಯ ಗೋಡೆಯಾದರೆ ಕೆಳಗಿನ ಮಹಡಿಯಲ್ಲೂ ಅದೇ ಸಾಲಿಗೆ ಜಾಕ್ ಕೊಟ್ಟು ಭಾರವನ್ನು ನೆಲಕ್ಕೆ ಮುಟ್ಟಿಸಬೇಕು. ನಂತರ ಬೀಮ್. ಇಂಥ ಮನೆಗಳಲ್ಲಿ ಹೆಚ್ಚಾಗಿ ಮಾಡುವುದು ಎರಡು ಉಕ್ಕಿನ ಚಾನೆಲ್ (C ಆಕಾರದ ತೊಲೆ) ಕೂರಿಸುವ ಪದ್ಧತಿ: ಒಂದು ಬದಿಯಿಂದ ಗೋಡೆಯಲ್ಲಿ ಉದ್ದಕ್ಕೆ ಕಾಲುವೆಯಂಥ ಗಾಡಿ ಕೊರೆದು ಒಂದು ಚಾನೆಲ್ ಕೂರಿಸಿ, ಮೇಲಿನ ಸಂದಿಗೆ ಕುಗ್ಗದ ಗ್ರೌಟ್ (ಸಂದು ತುಂಬುವ ಸಿಮೆಂಟ್ ಗಾರೆ) ತುಂಬಿ, ಅದು ಗಟ್ಟಿಯಾದ ಮೇಲೆ ಇನ್ನೊಂದು ಬದಿ. ಕೊನೆಗೆ ಎರಡನ್ನೂ ಬೋಲ್ಟಿನಿಂದ ಜೋಡಿಸುವುದು. ಬೀಮಿನ ಅಳತೆ, ಅದು ಕೂರುವ ಬೆಡ್ ಬ್ಲಾಕ್, ಗ್ರೌಟಿಗೆ ಬಿಡಬೇಕಾದ ದಿನ ಎಲ್ಲ ಇಂಜಿನಿಯರ್ ಬರೆದುಕೊಟ್ಟದ್ದೇ ಆಗಬೇಕು. ಅವರು ನೋಡಿ ಸರಿ ಅಂದ ಮೇಲೆ ಬೀಮಿನ ಕೆಳಗಿನ ಸೀಳು, ಬದಿಯ ಸೀಳು, ಆಮೇಲೆ ಒಡೆಯುವುದು.

ಸದ್ದು ತಗ್ಗಲಿ ಅಂತ ಜಾಕಿನ ಅಡಿಗೆ ರಬ್ಬರ್ ಮ್ಯಾಟ್, ಹಳೇ ಟೈರಿನ ತುಂಡು ಇಡುವುದನ್ನು ಕೆಲವರು ಸೂಚಿಸುತ್ತಾರೆ. ದಯವಿಟ್ಟು ಬೇಡ. ಭಾರ ಬಿದ್ದಾಗ ರಬ್ಬರ್ ಕುಗ್ಗುತ್ತದೆ, ಸ್ಲ್ಯಾಬ್ ಅಷ್ಟು ಕೆಳಗೆ ಇಳಿಯುತ್ತದೆ, ಬಿರುಕು ಖಚಿತ. ಜಾಕಿನ ಅಡಿಗೆ ದಪ್ಪ ಮರದ ಹಲಗೆ ಇರಲಿ.

ಯಾವ ಬ್ಲೇಡ್ ಎಷ್ಟು ಆಳ ಹೋಗುತ್ತದೆ ಎನ್ನುವುದೂ ಮುಖ್ಯ. ಐದಿಂಚಿನ ಸಾಮಾನ್ಯ ಗ್ರೈಂಡರ್ ಸುಮಾರು 30 ಮಿಲಿಮೀಟರ್ ಮಾತ್ರ ಕತ್ತರಿಸುತ್ತದೆ, ಅದರಿಂದ ಪ್ಲಾಸ್ಟರ್ ಸೀಳಬಹುದು, ಗೋಡೆ ಸೀಳಲಾಗದು. ಹದಿನಾಲ್ಕು ಇಂಚಿನ ಕಟರ್ 120 ಮಿಲಿಮೀಟರ್ ಚಿಲ್ಲರೆ ಹೋಗುತ್ತದೆ. 230 ಮಿಲಿಮೀಟರಿನ ಒಂಬತ್ತಿಂಚು ಗೋಡೆಗೆ ಎರಡೂ ಬದಿಯಿಂದ ಒಂದೇ ಗೆರೆಯಲ್ಲಿ ಕತ್ತರಿಸಿದರೆ ಸೀಳು ಕೂಡಿಕೊಳ್ಳುತ್ತದೆ. ಆದ್ದರಿಂದ ಎರಡೂ ಬದಿ ಪ್ಲಾಸ್ಟರ್ ಮೇಲೆ ದಾರ ಹೊಡೆದು ಗೆರೆ ಹಾಕುವ ಕೆಲಸವನ್ನು ಅವಸರದಲ್ಲಿ ಮಾಡಬಾರದು. ಬೀಮಿನ ಕೆಳಗೆ ಅರ್ಧ ಇಂಚು ಜಾಗ ಬಿಟ್ಟು ಗೆರೆ ಬರಲಿ, ಬ್ಲೇಡ್ ಉಕ್ಕಿಗೆ ತಾಗಬಾರದು.

ನೀರು ಹಾಕಿ ಕತ್ತರಿಸುವುದೋ ಒಣಗಿದ್ದನ್ನೇ ಕತ್ತರಿಸುವುದೋ? ನೀರು ಸದ್ದನ್ನು ಹೆಚ್ಚೇನೂ ಇಳಿಸುವುದಿಲ್ಲ. ಧೂಳನ್ನು ಇಳಿಸುತ್ತದೆ, ಮತ್ತು ಧೂಳು ಇಳಿದರೆ ಕಿಟಕಿ ಮುಚ್ಚಿಕೊಂಡು ಕೆಲಸ ಮಾಡಲು ಸಾಧ್ಯವಾಗುತ್ತದೆ. ಒಣ ಕಟಿಂಗ್ ಮಾಡುವವರು ಉಸಿರಾಡಲು ಕಿಟಕಿ ತೆರೆಯಲೇಬೇಕು, ತೆರೆದರೆ ಸದ್ದೆಲ್ಲ ಬೀದಿಗೆ. ಇಟ್ಟಿಗೆ, ಕಾಂಕ್ರೀಟ್ ಧೂಳಿನ ಸಿಲಿಕಾ ಶ್ವಾಸಕೋಶವನ್ನು ಕಾಯಂ ಆಗಿ ಕೆಡಿಸುತ್ತದೆ, ಆ ಕಾರಣಕ್ಕೂ ನೀರೇ ಒಳ್ಳೆಯದು. ಆದರೆ ನೀರು ಹಾಕಲೆಂದೇ ಮಾಡಿದ ಮಷೀನ್ ಆಗಿರಬೇಕು, ಲೈನಿಗೆ 30 ಮಿಲಿ ಆ್ಯಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಇರಬೇಕು. ಮಾಮೂಲಿ ಗ್ರೈಂಡರ್ ಮೇಲೆ ಹುಡುಗನೊಬ್ಬ ಬಾಟಲಿಯಿಂದ ನೀರು ಸುರಿಯುವುದನ್ನು ನೋಡಿದರೆ ತಕ್ಷಣ ನಿಲ್ಲಿಸಿ, ಕರೆಂಟ್ ಹೊಡೆಯುವ ಅಪಾಯ ಅದು. ಬ್ಲೇಡ್ ಕೊಳ್ಳುವಾಗ ಎರಡು ತಗಡಿನ ನಡುವೆ ಸದ್ದು ಹೀರುವ ಪದರವಿರುವ ಸೈಲೆಂಟ್ ಬ್ಲೇಡ್ ಸಿಗುತ್ತದೆಯೇ ಕೇಳಿ. ಮಾಮೂಲಿ ಬ್ಲೇಡಿನ ಆ ಕೀರಲು ಸಿಳ್ಳೆ ಇದರಲ್ಲಿ ಚೆನ್ನಾಗಿ ತಗ್ಗುತ್ತದೆ.

ಗೋಡೆಗೆ ರೈಲಿನಂಥ ಪಟ್ಟಿ ಜೋಡಿಸಿ ಓಡಿಸುವ ವಾಲ್ ಸಾ ಮಷೀನ್ ಇನ್ನೂ ನೇರ, ಇನ್ನೂ ಬೇಗ. ಒಂದು ಮನೆಯ ಒಂದು ಇಟ್ಟಿಗೆ ಗೋಡೆಗೆ ಅದರ ಖರ್ಚು ಹೊಂದುವುದಿಲ್ಲ. ಕಾಂಕ್ರೀಟ್ ಗೋಡೆಯಾದರೆ ಯೋಚಿಸಬಹುದು.

ಕೋರ್ ಕಟಿಂಗ್

ಎಸಿ ಪೈಪಿಗೂ ಚಿಮಣಿಗೂ ದುಂಡಗೆ ತೂತು ಕೊರೆಯುವ ಮಷೀನ್ ಎಲ್ಲರಿಗೂ ಗೊತ್ತು. ಇದು ಬಡಿಯುವುದಿಲ್ಲ, ತಿರುಗಿ ತೇಯುತ್ತದೆ, ಆದ್ದರಿಂದ ಕಟ್ಟಡದ ದಾರಿಯ ಸದ್ದು ಇದರಲ್ಲಿ ಅತಿ ಕಡಿಮೆ. ತೂತಿನ ಪಕ್ಕ ತೂತು ಕೊರೆಯುತ್ತ ಹೋಗಿ ಸೀಳು ಮಾಡುವುದೂ ಉಂಟು. ವ್ಯಾಸ, ಆಳ ನೋಡಿ ತೂತಿಗಿಷ್ಟು ಅಂತ ದರ ಹಾಕುವುದರಿಂದ ಇಡೀ ಗೋಡೆಗೆ ಇದು ದುಬಾರಿ. ಆದರೆ ಜಾಕಿಗೆ ಆನಿಸುವ ಅಡ್ಡ ಉಕ್ಕಿನ ತೊಲೆಗಳನ್ನು ಗೋಡೆಯೊಳಗಿಂದ ತೂರಿಸುವುದಿದ್ದರೆ ಆ ತೂತುಗಳಿಗೆ ಮಾತ್ರ ಇದನ್ನೇ ಕರೆಸಿ. ಸ್ಲ್ಯಾಬಿನ ಬುಡದಲ್ಲೇ ಬರುವ ಆ ತೂತುಗಳನ್ನು ಬ್ರೇಕರಿನಿಂದ ಮಾಡಿದಾಗ ಮೇಲಿನ ಮನೆಗೆ ಆಗುವ ಹಿಂಸೆ ಬಹಳ.

ಬಂಡೆ ಒಡೆಯಲು ತೂತಿಗೆ ಸುರಿಯುವ, ನೀರು ಕುಡಿದು ಹಿಗ್ಗುವ ಪುಡಿಯ ಬಗ್ಗೆಯೂ ಕೆಲವರು ಕೇಳುತ್ತಾರೆ, ಸದ್ದೇ ಇಲ್ಲ ಅಂತ. ಪಾಯ ತೋಡುವಾಗ ಬಂಡೆ ಸಿಕ್ಕರೆ ಒಳ್ಳೆಯದೇ. ಸ್ಲ್ಯಾಬ್ ಹೊತ್ತ ಇಟ್ಟಿಗೆ ಗೋಡೆಗೆ ಅದನ್ನು ಹಾಕುವ ಮಾತೇ ಬೇಡ. ಅದು ಯಾವ ಕಡೆ ತಳ್ಳುತ್ತದೆ ಅಂತ ಹಿಡಿತ ಇರುವುದಿಲ್ಲ.

ನಿಮ್ಮದು ಎಂಥ ಮನೆ?

ಸುಣ್ಣದ ಗಾರೆಯ ಹಳೇ ಮನೆ, ಸುತ್ತ ಜಾಗವಿದೆ: ಬೀಮ್ ಕೂರಿಸಿದ ಮೇಲೆ ಚಾಣದಿಂದ ಕೈಯಲ್ಲೇ ಬಿಡಿಸಿ. ಮಷೀನ್ ಖರ್ಚು ದಂಡ.

ಸಿಮೆಂಟ್ ಗಾರೆಯ ಇಟ್ಟಿಗೆ ಅಥವಾ ಕಾಂಕ್ರೀಟ್ ಬ್ಲಾಕ್, ಮೇಲೆ ಬಾಡಿಗೆಯವರು, ಪಕ್ಕದ ಮನೆ ಅಂಟಿಕೊಂಡಿದೆ: ಬೀಮ್ ಕೂರಿಸಿದ ಮೇಲೆ ಮೊದಲು ಮೂರು ಅಂಚಿಗೆ ಸೀಳು, ನಂತರ ಐದು ಕಿಲೋ ಬ್ರೇಕರಿನಿಂದ ಮೇಲಿನಿಂದ ಕೆಳಗೆ, ನೆಲದ ಹತ್ತಿರದ ಕೊನೆಯ ಎರಡು ಮೂರು ವರಸೆ ಮಾತ್ರ ಚಾಣದಿಂದ. ಬೆಂಗಳೂರಿನ ಹೆಚ್ಚಿನ ಮನೆಗಳಿಗೆ ನನ್ನ ಸಲಹೆ ಇದೇ. ಕಟಿಂಗಿನವರಿಗೆ ಕೊಡುವ ಹಣ ಹೆಚ್ಚಾಯಿತು ಅನ್ನಿಸಬಹುದು, ಆದರೆ ಬ್ರೇಕರ್ ನಡೆಯುವ ದಿನ ಕಡಿಮೆಯಾಗುತ್ತದೆ, ಅಡ್ಡ ಗೋಡೆಗಳ ಪ್ಲಾಸ್ಟರ್ ಉಳಿಯುತ್ತದೆ.

ಮಂಗಳೂರು, ಉಡುಪಿ ಕಡೆಯ ಕೆಂಪುಕಲ್ಲಿನ ಗೋಡೆಗೆ ಕಟಿಂಗ್ ಇನ್ನೂ ಚೆನ್ನಾಗಿ ಹೊಂದುತ್ತದೆ. ಆ ಕಲ್ಲನ್ನು ಕ್ವಾರಿಯಲ್ಲೇ ಬ್ಲೇಡಿನಿಂದ ಕೊಯ್ಯುತ್ತಾರೆ. ಸೈಜುಗಲ್ಲಿನ ಗೋಡೆಗೆ ಮಾತ್ರ ಅವಸರಪಡಬೇಡಿ. ಕಲ್ಲುಗಳ ಜೋಡಣೆ ನೋಡದೆ ಗೆರೆ ಹಾಕಿ ಕತ್ತರಿಸಿದರೆ ಅರ್ಧ ಕಲ್ಲು ಜೋತಾಡುತ್ತದೆ.

ಅಪಾರ್ಟ್‌ಮೆಂಟಾದರೆ ಮೊದಲ ಪ್ರಶ್ನೆ ಬೇರೆ. ಪಿಲ್ಲರ್, ಬೀಮಿನ ಕಟ್ಟಡದಲ್ಲಿ ನಡುವಿನ ಗೋಡೆ ಬಹುಶಃ ಬರೀ ಅಡ್ಡಗೋಡೆ. ಅಲ್ಯೂಮಿನಿಯಂ ಫಾರ್ಮ್‌ವರ್ಕಿನಲ್ಲಿ ಎರಕ ಹೊಯ್ದ, ಮೈವಾನ್ ಎಂದು ಕರೆಯುವ ಈಚಿನ ಕಟ್ಟಡಗಳಲ್ಲಿ ಕಾಂಕ್ರೀಟ್ ಗೋಡೆಗಳೇ ಇಡೀ ಕಟ್ಟಡವನ್ನು ಹೊತ್ತಿರುತ್ತವೆ. ಅದನ್ನು ಮುಟ್ಟುವ ಹಾಗಿಲ್ಲ, ಎಷ್ಟು ಮೆಲ್ಲಗೆ ಮಾಡುತ್ತೇವೆ ಅಂದರೂ.

ಇನ್ನೊಂದು ದಾರಿಯನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ: ಪೂರ್ತಿ ಗೋಡೆ ತೆಗೆಯದೆ ಎಂಟು ಅಡಿ ತೆರಪು ಮಾತ್ರ ಮಾಡುವುದು. ಎರಡು ಬದಿಯಲ್ಲಿ ಎರಡೆರಡು ಅಡಿ ಗೋಡೆ ಉಳಿದರೆ ಬೀಮಿಗೆ ಕೂರಲು ಒಳ್ಳೆಯ ಜಾಗ, ಬೀಮೂ ಚಿಕ್ಕದು, ಒಡೆಯುವ ಸದ್ದೂ ಅಷ್ಟೇ ಕಡಿಮೆ. ಕಣ್ಣಿಗೆ ಹಾಲ್ ದೊಡ್ಡದಾಗಿಯೇ ಕಾಣುತ್ತದೆ.

ಸದ್ದಿಗೆ ಅಡ್ಡ: ಯಾವುದು ಕೆಲಸಕ್ಕೆ ಬರುತ್ತದೆ

ಥರ್ಮೋಕೋಲ್, ಮೊಟ್ಟೆ ಟ್ರೇ, ತೆಳು ಫೋಮ್ ಶೀಟ್ ಇವಕ್ಕೆ ಹಣ ಹಾಕಬೇಡಿ. ಸದ್ದು ತಡೆಯಲು ತೂಕ ಬೇಕು, ಇವಕ್ಕೆ ತೂಕವಿಲ್ಲ. ಸೆಂಟ್ರಿಂಗಿನ ಹಳೇ ಪ್ಲೈವುಡ್ ಎರಡು ಪದರ, ನಡುವೆ ಹಳೇ ಕಂಬಳಿ, ಸುತ್ತ ಅಂಚಿಗೆ ಒದ್ದೆ ಗೋಣಿ ತುರುಕಿ ಕಿಟಕಿಗೆ ನಿಲ್ಲಿಸಿದರೆ ಗಾಳಿಯ ದಾರಿಯ ಸದ್ದು ಚೆನ್ನಾಗಿ ಇಳಿಯುತ್ತದೆ. ಅಂಚು ಎಂದೆ, ಅದನ್ನು ಮರೆಯಬೇಡಿ. ಅಡ್ಡದ ಒಟ್ಟು ವಿಸ್ತಾರದಲ್ಲಿ ನೂರಕ್ಕೆ ಒಂದು ಪಾಲು ಸಂದು ತೆರೆದಿದ್ದರೂ, ಉಳಿದದ್ದು ಎಷ್ಟೇ ಗಟ್ಟಿಯಿರಲಿ, 20 ಡೆಸಿಬಲಿಗಿಂತ ಹೆಚ್ಚು ತಡೆಯಲಾಗದು. ವೆಂಟಿಲೇಟರ್, ಎಕ್ಸಾಸ್ಟ್ ಫ್ಯಾನಿನ ತೂತು, ಬಾಗಿಲಿನ ಕೆಳಗಿನ ಸಂದು ಇವನ್ನೇ ಜನ ಮರೆಯುವುದು.

ಹೊತ್ತು ಮತ್ತು ಕಾನೂನು

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬಲ್ ಮಿತಿ. ಹಗಲೆಂದರೆ ಬೆಳಿಗ್ಗೆ 6ರಿಂದ ರಾತ್ರಿ 10. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಎಂದಾದರೆ ಮಿತಿ 50, 40. ಮಿತಿಗಿಂತ 10 ಡೆಸಿಬಲ್ ಅಥವಾ ಅದಕ್ಕೂ ಹೆಚ್ಚಾದರೆ ಯಾರು ಬೇಕಾದರೂ ದೂರು ಕೊಡಬಹುದು. ರಾತ್ರಿ ಹೊತ್ತು ವಸತಿ ಪ್ರದೇಶದಲ್ಲಿ ಸದ್ದು ಮಾಡುವ ಕಟ್ಟಡ ಕೆಲಸದ ಯಂತ್ರಗಳನ್ನು ನಡೆಸುವಂತೆಯೇ ಇಲ್ಲ ಎಂದು 2010ರ ತಿದ್ದುಪಡಿ ಹೇಳುತ್ತದೆ.

ಕಾನೂನು ರಾತ್ರಿ 10ರವರೆಗೆ ಹಗಲು ಅನ್ನುತ್ತದೆ ಅಂತ ಎಂಟು ಗಂಟೆಗೆ ಬ್ರೇಕರ್ ಹಾಕಿಸಬೇಡಿ. ಜೋರು ಸದ್ದಿನ ಕೆಲಸ ಬೆಳಿಗ್ಗೆ ಹತ್ತರಿಂದ ಒಂದು, ಮಧ್ಯಾಹ್ನ ಮೂರರಿಂದ ಐದು. ನಡುವೆ ಊಟ, ನಿದ್ದೆಯ ಹೊತ್ತು ಬಿಡಿ. ಎಸ್‌ಎಸ್‌ಎಲ್‌ಸಿ, ಪಿಯುಸಿ ಪರೀಕ್ಷೆಯ ಮಾರ್ಚ್, ಏಪ್ರಿಲ್ ತಿಂಗಳನ್ನು ಆದಷ್ಟು ತಪ್ಪಿಸಿ. ನೆರೆಯವರಿಗೆ ಹೇಳುವಾಗ "ಸ್ವಲ್ಪ ದಿನ ಸದ್ದಿರುತ್ತೆ" ಅಂದರೆ ಪ್ರಯೋಜನವಿಲ್ಲ. "ಬುಧವಾರ, ಗುರುವಾರ ಕಟಿಂಗ್, ಶುಕ್ರವಾರ ಹತ್ತರಿಂದ ಒಂದು ಬ್ರೇಕರ್, ನಿಮ್ಮ ಅಮ್ಮನಿಗೆ ತೊಂದರೆಯಾದರೆ ಫೋನ್ ಮಾಡಿ, ನಿಲ್ಲಿಸುತ್ತೇವೆ" ಅಂತ ಹೇಳಿ, ಹೇಳಿದಂತೆ ನಡೆಯಿರಿ. ಹಸುಗೂಸು ಇರುವ ಮನೆಯವರು ಆ ಮೂರು ಗಂಟೆ ತವರಿಗೋ ನೆಂಟರ ಮನೆಗೋ ಹೋಗಿ ಬರುವ ಏರ್ಪಾಡು ಮಾಡಿಕೊಳ್ಳಲು ಅದರಿಂದ ಸಾಧ್ಯ.

ಒಡೆದ ಮೇಲಿನ ಸದ್ದು

ಒಡೆದ ಇಟ್ಟಿಗೆಯನ್ನು ಮೊದಲ ಮಹಡಿಯಿಂದ ನೇರ ಟ್ರ್ಯಾಕ್ಟರ್ ಟ್ರೇಲರಿಗೆ ಸುರಿಯುವ ಸದ್ದು ಬ್ರೇಕರಿಗಿಂತ ಕೆಟ್ಟದ್ದು. ತಗಡಿಗೆ ಕಲ್ಲು ಬೀಳುವ ಆ ಸದ್ದು ಇಡೀ ಬೀದಿಗೆ ಕೇಳುತ್ತದೆ. ಡೆಬ್ರಿಸನ್ನು ಗೋಣಿಚೀಲಕ್ಕೆ ತುಂಬಿ ಮೆಟ್ಟಿಲಿನಲ್ಲಿ ಇಳಿಸಲು, ಇಲ್ಲವೇ ರಾಟೆಯಲ್ಲಿ ಇಳಿಬಿಡಲು ಮೊದಲೇ ಮಾತಾಡಿಕೊಳ್ಳಿ. ಟ್ರೇಲರಿನ ತಳಕ್ಕೆ ಮೊದಲು ಧೂಳು, ಪ್ಲಾಸ್ಟರ್ ಪುಡಿ ಹಾಕಿಸಿ, ಆಮೇಲೆ ತುಂಡುಗಳು. ಗೋಡೆಯ ಬುಡದಲ್ಲಿ ಅರ್ಧ ಅಡಿ ಮರಳಿನ ಮೂಟೆ ಹಾಸಿದರೆ ಬೀಳುವ ಇಟ್ಟಿಗೆ ನೆಲಕ್ಕೆ ಬಡಿಯುವುದಿಲ್ಲ, ಟೈಲ್ಸೂ ಉಳಿಯುತ್ತದೆ. ಒಡೆದದ್ದನ್ನು ಒಳಗಿನ ಸ್ಲ್ಯಾಬಿನ ಮೇಲೆ ರಾಶಿ ಹಾಕಲು ಬಿಡಬೇಡಿ, ಆ ತೂಕಕ್ಕೆ ಯಾರೂ ಲೆಕ್ಕ ಹಾಕಿರುವುದಿಲ್ಲ.

ಮಷೀನ್ ಹಿಡಿದವರ ಕಿವಿ

ನೆರೆಯವರಿಗೆ ಮೂರು ದಿನದ ತೊಂದರೆ. ಮಷೀನ್ ಹಿಡಿದ ಹುಡುಗನಿಗೆ ದಿನಾ ಇದೇ. 85 ಡೆಸಿಬಲನ್ನು ಎಂಟು ಗಂಟೆ ಕೇಳಬಹುದಾದರೆ, ಪ್ರತಿ 3 ಡೆಸಿಬಲ್ ಏರಿದಂತೆ ಆ ಹೊತ್ತು ಅರ್ಧವಾಗುತ್ತದೆ ಎಂಬ ಲೆಕ್ಕವಿದೆ. 100 ಡೆಸಿಬಲಿಗೆ ಬರುವಷ್ಟರಲ್ಲಿ ಉಳಿಯುವುದು ಬರೀ ಹದಿನೈದು ನಿಮಿಷ. ಹೋದ ಕೇಳುವ ಶಕ್ತಿ ಮತ್ತೆ ಬರುವುದಿಲ್ಲ. ಕಿವಿಗೆ ಹತ್ತಿ ತುರುಕಿಕೊಂಡರೆ ಪ್ರಯೋಜನವಿಲ್ಲ. ಫೋಮ್ ಇಯರ್‌ಪ್ಲಗ್ಗನ್ನು ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯ ಮೇಲಂಚನ್ನು ಮೇಲಕ್ಕೆ ಹಿಂದಕ್ಕೆ ಎಳೆದು ಒಳಗಿಟ್ಟು, ಅದು ಹಿಗ್ಗುವವರೆಗೆ ಒತ್ತಿ ಹಿಡಿಯಬೇಕು. ಕಟಿಂಗ್, ಬ್ರೇಕರ್ ಎರಡಕ್ಕೂ ಅದರ ಮೇಲೆ ಇಯರ್‌ಮಫ್ ಕೂಡ ಇರಲಿ. ಇದನ್ನು ಕಂಟ್ರಾಕ್ಟರಿಗೆ ಬಿಡದೆ ನೀವೇ ತಂದುಕೊಡಿ, ಹಾಕಿಕೊಳ್ಳದೆ ಮಷೀನ್ ಆನ್ ಮಾಡುವ ಹಾಗಿಲ್ಲ ಅಂತ ಕೆಲಸ ಒಪ್ಪಿಸುವ ದಿನವೇ ಹೇಳಿ. ಎರಡು ಜೋಡಿ ಹೆಚ್ಚಿಗೆ ತಂದಿಡಿ, ನೀರು ಹಿಡಿಯುವವನೂ ಚೀಲ ತುಂಬುವವಳೂ ಅದೇ ಕೋಣೆಯಲ್ಲಿರುತ್ತಾರೆ.